‘ಆಮೇಲೆ’ ಎಂಬ ಬಟನ್

ಕಂಪ್ಯೂಟರ್ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಆಗಾಗ ಒಂದು ಸಣ್ಣ ಚೌಕ ಮೇಲೇಳುತ್ತದಲ್ಲ, ‘ಹೊಸ ಆವೃತ್ತಿ ಬಂದಿದೆ’ ಎಂದು ಹೇಳಿ, ಸ್ವಲ್ಪ ಹೊತ್ತು ಕಾದು, ಯಾರೂ ಕೇಳದಿದ್ದರೆ ತಾನೇ ಇಳಿದುಹೋಗುತ್ತದಲ್ಲ, ಅಂಥದೊಂದನ್ನು ನಾನು ಮಾಡಿದ್ದೇನೆ. ನೀವು ಅದನ್ನು ಓದದೆ ಮುಚ್ಚುವವರು ಎಂದು ನನಗೆ ಗೊತ್ತು. ಅದನ್ನು ಪೂರ್ತಿ ಓದಿದವರನ್ನು ನಾನಿನ್ನೂ ಕಂಡಿಲ್ಲ. ಅದಕ್ಕಾಗಿ ನಿಮ್ಮನ್ನೆಲ್ಲ ಬಹಳ ವರ್ಷ ತಿರಸ್ಕಾರದಿಂದಲೇ ನೋಡಿದೆ. ಈಗ ಆ ತಿರಸ್ಕಾರದಲ್ಲಿ ದೊಡ್ಡ ಪಾಲು ನನ್ನ ಕಡೆಗೇ ತಿರುಗಿದೆ, ಆದರೂ ನಿಮಗೆಂದು ಸ್ವಲ್ಪ ಉಳಿಸಿಕೊಂಡಿದ್ದೇನೆ. ಏಕೆಂದರೆ ಆ ಅಂಗೈ ಅಗಲದ ಚೌಕದ ದೆಸೆಯಿಂದ, ನಮ್ಮ ಸೋದರತ್ತೆ ಮೂವತ್ತು ವರ್ಷ ಬಾಳಿದ ಮನೆ ಅವಳ ಹೆಸರಿಗೆ ಆಗುತ್ತದೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿತು.

ನಾನು ಇರುವುದು ಕಡೂರಿನಲ್ಲಿ. ಟೈರ್ ಅಂಗಡಿಯ ಮೇಲಿನ ಮಹಡಿಯ ಒಂದು ಕೋಣೆ ನನ್ನ ಆಫೀಸು. ಬೇಸಿಗೆಯಲ್ಲಿ ಕೆಳಗಿನ ರಬ್ಬರಿನ ವಾಸನೆಯೂ ಮೇಲಿನ ಶೀಟಿನ ಕಾವೂ ಸೇರಿ ತಲೆ ಸಿಡಿಯುತ್ತದೆ. ಅಲ್ಲಿ ಕೂತು ನಾನು ಪತ್ರ ಬರೆಯುವವರಿಗಾಗಿ ಒಂದು ಸಾಫ್ಟ್‌ವೇರ್ ಮಾಡಿದೆ. ಪತ್ರ ಬರೆಯುವವರು ಎಂದರೆ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದುಕೊಡುವವರು. ಮೊದಲು ಕೈಯಲ್ಲಿ ಬರೆಯುತ್ತಿದ್ದರು, ಆಮೇಲೆ ಟೈಪ್ ಮಾಡಿಸಿದರು, ಈಗ ಕಂಪ್ಯೂಟರ್. ನನ್ನ ಸಾಫ್ಟ್‌ವೇರಿನಲ್ಲಿ ಊರಿನ ಹೆಸರು ಆರಿಸಿದರೆ ಹೋಬಳಿ, ತಾಲ್ಲೂಕು, ಜಿಲ್ಲೆ ತಾವಾಗಿಯೇ ಬಂದು ಕೂರುತ್ತವೆ. ಕೊಡುವವರ ಹೆಸರು, ತೆಗೆದುಕೊಳ್ಳುವವರ ಹೆಸರು, ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ ತುಂಬಿಸಿದರೆ ಪತ್ರ ಸಿದ್ಧ. ಕಡೂರಿನಲ್ಲಿ ಒಂದು ಅಂಗಡಿ, ತರೀಕೆರೆಯಲ್ಲಿ ಒಂದು, ಅಜ್ಜಂಪುರದಲ್ಲಿ ಒಂದು, ಇಷ್ಟೇ ನನ್ನ ಸಾಮ್ರಾಜ್ಯ. ಆದರೆ ಗರ್ವಕ್ಕೆ ಮೂರು ಅಂಗಡಿ ಧಾರಾಳ ಸಾಕು.

ಸಾಫ್ಟ್‌ವೇರ್ ತಾನೇ ತನ್ನನ್ನು ಬದಲಿಸಿಕೊಳ್ಳುವ ಹಾಗೆ ಮಾಡಬಾರದಿತ್ತೇ ಎಂದು ನೀವು ಕೇಳಬಹುದು. ಮೊದಲು ಹಾಗೆಯೇ ಮಾಡಿದ್ದೆ. ಒಂದು ದಿನ ತರೀಕೆರೆಯ ಅಂಗಡಿಯಲ್ಲಿ ಅಣ್ಣತಮ್ಮಂದಿರು ಎದುರುಬದುರು ಕೂತು, ಮುಖ ಗಂಟುಹಾಕಿಕೊಂಡು, ವಿಭಾಗಪತ್ರದ ಕೊನೆಯ ಪುಟಕ್ಕೆ ಕಾಯುತ್ತಿದ್ದಾಗ ಸಾಫ್ಟ್‌ವೇರ್ ತನ್ನಷ್ಟಕ್ಕೆ ಮುಚ್ಚಿಕೊಂಡು ಹೊಸದನ್ನು ಇಳಿಸಿಕೊಳ್ಳತೊಡಗಿತಂತೆ. ಕಾಲು ಗಂಟೆ ಹಿಡಿಯಿತು. ಆ ಕಾಲು ಗಂಟೆಯಲ್ಲಿ ಅಣ್ಣತಮ್ಮಂದಿರಿಗೆ ಹಳೆಯ ಜಗಳವೊಂದು ನೆನಪಾಗಿ, ಬಾವಿಯ ಮಾತು ಬಂದು, ಬಾವಿಯಿಂದ ಹೆಂಡತಿಯರ ಮಾತು ಬಂದು, ಪತ್ರ ಅಲ್ಲಿಗೇ ನಿಂತಿತು.

ಅಂಗಡಿಯವರು ಫೋನ್ ಮಾಡಿ ಕೂಗಾಡಿದರು. “ನಮ್ಮನ್ನ ಕೇಳ್ದೆ ಏನೂ ಮಾಡಂಗಿಲ್ಲ ಮೇಡಂ. ಕೇಳಿ, ಹೂಂ ಅಂದ್ರೆ ಮಾಡಿ, ಇಲ್ಲಾಂದ್ರೆ ಬಿಡಿ. ಪಾರ್ಟಿ ಕೂತಿದ್ದಾಗ ಇದೇನ್ರೀ ಹುಚ್ಚಾಟ?”

ಸರಿ, ಕೇಳೋಣ ಎಂದುಕೊಂಡೆ. ಕೇಳುವುದಕ್ಕಾಗಿಯೇ ಆ ಚೌಕ ಹುಟ್ಟಿತು.

ಮೊದಲ ಚೌಕವನ್ನು ಪರದೆಯ ನಟ್ಟನಡುವೆ ಇಟ್ಟೆ. ಮತ್ತೆ ತರೀಕೆರೆಯವರದೇ ದೂರು. ಟೈಪ್ ಮಾಡುತ್ತಿರುವಾಗ ಅದು ಎದ್ದರೆ, ಬೆರಳು ಹೇಗೂ ಎಂಟರ್ ಮೇಲೆ ಹೋಗುತ್ತಿರುತ್ತದೆ, ಅದನ್ನೇ ಒಪ್ಪಿಗೆ ಎಂದುಕೊಂಡು ಸಾಫ್ಟ್‌ವೇರ್ ಕೆಲಸ ಶುರುಮಾಡುತ್ತದೆ. ಅದನ್ನು ಮೂಲೆಗೆ ತಳ್ಳಿದೆ. ಮೂಲೆಯಲ್ಲಿ ಯಾರಿಗೂ ಕಾಣುವುದಿಲ್ಲವೇನೋ ಎಂದು ‘ಟಿಣ್’ ಎಂಬ ಸದ್ದು ಸೇರಿಸಿದೆ. ಹೆಬ್ಬೆಟ್ಟು ಒತ್ತಿಸುತ್ತಿದ್ದ ಹೊತ್ತಿಗೆ ಸದ್ದಾಗಿ, ಮುದುಕರೊಬ್ಬರು ಬೆಚ್ಚಿ ಹೆಬ್ಬೆಟ್ಟನ್ನು ಕಾಗದದ ಉದ್ದಕ್ಕೂ ಎಳೆದರಂತೆ. ಸದ್ದು ತೆಗೆದೆ. ಬಣ್ಣ ಕೆಂಪಾಗಿದ್ದರೆ ವೈರಸ್ ಬಂತು ಎನ್ನುತ್ತಿದ್ದರು, ಅದನ್ನು ತಿಳಿಹಸಿರು ಮಾಡಿದೆ. ಹೀಗೆ ಒಬ್ಬೊಬ್ಬರ ಒಂದೊಂದು ರಗಳೆಗೆ ತಲೆಬಾಗುತ್ತ ಹೋದೆ. ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಬಾಯಿಯಿಲ್ಲದ, ಬಣ್ಣ ಕಳೆಗುಂದಿದ, ಮೂಲೆಯಲ್ಲಿ ಎಂಟು ಸೆಕೆಂಡು ನಿಂತು ಇಳಿದುಹೋಗುವ ಒಂದು ಚೌಕ. ಅದರಲ್ಲಿ ಎರಡು ಬಟನ್. ಒಂದರ ಮೇಲೆ ‘ಹಾಕಿಕೊಳ್ಳಿ’, ಇನ್ನೊಂದರ ಮೇಲೆ ‘ಆಮೇಲೆ’.

ಆ ‘ಆಮೇಲೆ’ ಬಟನ್ ಇಡುವಾಗ ನನಗೆ ಗೊತ್ತಿತ್ತು. ನಮ್ಮ ಕಡೆ ಆಮೇಲೆ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಸಾಲ ಕೇಳಿದವನಿಗೂ ಆಮೇಲೆ, ಹೆಣ್ಣು ಕೇಳಿದವನಿಗೂ ಆಮೇಲೆ. ಇಲ್ಲ ಎನ್ನುವ ಧೈರ್ಯವಿಲ್ಲದವರ ಮಾತು ಅದು. ಆದರೂ ಇಟ್ಟೆ. ಏಕೆ ಇಟ್ಟೆ ಎಂದರೆ ಎಲ್ಲರೂ ಇಡುತ್ತಾರೆ. ದೊಡ್ಡ ದೊಡ್ಡ ಕಂಪನಿಗಳ ಚೌಕಗಳಲ್ಲೂ ಅದೇ ಇರುತ್ತದೆ. ಅವರು ಇಟ್ಟಮೇಲೆ ಟೈರ್ ಅಂಗಡಿಯ ಮಹಡಿಯವಳು ಯೋಚಿಸುವುದೇನಿದೆ?

ಕಡೂರಿನ ಅಂಗಡಿ ನನ್ನ ಆಫೀಸಿನಿಂದ ನಾಲ್ಕು ಹೆಜ್ಜೆ. ಒಂದು ಬೆಳಿಗ್ಗೆ ಹೋಗಿ ಆಪರೇಟರ್ ಹುಡುಗಿಯ ಹಿಂದೆ ನಿಂತು ನೋಡಿದೆ. ಹಿರೇನಲ್ಲೂರಿನವರು ಯಾರೋ ಜಮೀನಿನ ಪತ್ರಕ್ಕೆ ಬಂದು ಕೂತಿದ್ದರು. ಚೌಕ ಎದ್ದಿತು. ಹುಡುಗಿ ಅವರ ಮುಖದಿಂದ ಕಣ್ಣು ತೆಗೆಯದೆ, ಮಾತು ನಿಲ್ಲಿಸದೆ, ಮೌಸನ್ನು ಮೂಲೆಗೆ ಒಯ್ದು ‘ಆಮೇಲೆ’ ಒತ್ತಿ ವಾಪಸ್ ಬಂದಳು. ನೊಣ ಓಡಿಸಿದ ಹಾಗೆ.

“ಈಗ ಏನು ಒತ್ತಿದೆ?” ಎಂದೆ.

“ಏನೂ ಒತ್ತಿಲ್ವಲ್ಲ ಮೇಡಂ,” ಎಂದಳು. ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕೋಣನ ಮುಂದೆ ಕಿನ್ನರಿ ಬಾರಿಸುತ್ತಿದ್ದೇನೆ ಎಂದು ಅಂದೇ ತೀರ್ಮಾನ ಮಾಡಿಬಿಟ್ಟೆ. ನಾಲ್ಕು ಹೆಜ್ಜೆಯ ದೂರದ ಕೋಣ ಇದಾದರೆ, ಬೀರೂರು ದಾಟಿ ಬಸ್ಸಿನಲ್ಲಿ ಹೋಗಬೇಕಾದ ಅಜ್ಜಂಪುರದ ಕೋಣ ಇನ್ನೆಂಥದಿರಬೇಕು? ಅಲ್ಲಿನ ಪತ್ರ ಬರೆಯುವವರು ಎಪ್ಪತ್ತು ದಾಟಿದ ಯಜಮಾನರು. ಹಣೆಯ ಮೇಲೆ ವಿಭೂತಿ, ಕಿವಿಯ ಮೇಲೆ ಪೆನ್ನು. ಕಂಪ್ಯೂಟರ್ ಕಲಿತದ್ದು ಅರವತ್ತರ ಮೇಲೆ. ಸಾಫ್ಟ್‌ವೇರ್ ಹಾಕಲು ಒಂದು ಸಲ ಹೋಗಿದ್ದೆ, ಅಷ್ಟೇ. ಹಾಕಿ, ಕಾಫಿ ಕುಡಿದು ಬಂದಿದ್ದೆ. ಆಮೇಲೆ ಹೋಗಿ ನೋಡುವಂಥದ್ದೇನಿದೆ ಅಲ್ಲಿ ಎಂದು ಹೋಗಲಿಲ್ಲ. ನೋಡದೆಯೂ ತಿಳಿಯಲೆಂದು ನನ್ನ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಬರುವಂತೆ ಮಾಡಿಕೊಂಡಿದ್ದೆ. ಯಾವ ಅಂಗಡಿಯಲ್ಲಿ ಚೌಕ ಎಷ್ಟು ಸಲ ಎದ್ದಿದೆ, ಅವರು ಏನು ಒತ್ತಿದ್ದಾರೆ ಎಂಬ ಪಟ್ಟಿ.

ಅಷ್ಟರಲ್ಲಿ ಒಂದು ಮುಖ್ಯವಾದ ಬದಲಾವಣೆ ಮಾಡಬೇಕಾಗಿ ಬಂತು. ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾಗಿತ್ತು. ನನ್ನ ಸಾಫ್ಟ್‌ವೇರಿನಲ್ಲಿ ಮಾತ್ರ ಇನ್ನೂ ‘ತರೀಕೆರೆ ತಾಲ್ಲೂಕು, ಅಜ್ಜಂಪುರ ಹೋಬಳಿ’ ಎಂದೇ ಅಚ್ಚಾಗುತ್ತಿತ್ತು. ಸ್ವಲ್ಪ ಕಾಲ ಅದು ನಡೆಯಿತು, ಯಾರೂ ಕೇಳಲಿಲ್ಲ. ಇನ್ನು ಕೆಲವು ತಿಂಗಳಾದರೆ ನೋಂದಣಿ ಕಚೇರಿಯಲ್ಲಿ ಹಳೆಯ ಹೆಸರು ನಡೆಯುವುದಿಲ್ಲ ಎಂದು ಗೊತ್ತಾದ ವಾರವೇ ಸರಿಮಾಡಿ, ಹೊಸ ಆವೃತ್ತಿ ಬಿಟ್ಟೆ. ಮೂರೂ ಊರುಗಳಲ್ಲಿ ಚೌಕ ಏಳತೊಡಗಿತು. ತರೀಕೆರೆಯವರು ಗೊಣಗಿಕೊಂಡು ಹಾಕಿಕೊಂಡರು. ಕಡೂರಿನದನ್ನು ನಾನೇ ಹೋಗಿ ಹಾಕಿದೆ. ಅಜ್ಜಂಪುರದ ಸಾಲಿನಲ್ಲಿ ಮಾತ್ರ ದಿನವೂ ಒಂದೇ ಬರಹ: ತೋರಿಸಲಾಗಿದೆ. ಏನೂ ಒತ್ತಿಲ್ಲ. ತೋರಿಸಲಾಗಿದೆ. ಏನೂ ಒತ್ತಿಲ್ಲ. ಕೊನೆಗೆ ಆ ಸಾಲು ನೋಡಿ ನಗು ಬರತೊಡಗಿತು. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ನಾನು ತೋರಿಸಿದ್ದೇನೆ, ನೋಡುವುದು ಅವರ ಕೆಲಸ. ಮುದುಕನಿಗೆ ಒಂದು ದಿನ ಪೆಟ್ಟು ಬೀಳಲಿ, ಆಗ ನೋಡುತ್ತಾನೆ. ಹೀಗೆಂದು ಮನಸ್ಸಿನಲ್ಲಿ ಅಂದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಇನ್ನು ಅತ್ತೆಯ ಮಾತು. ನಮ್ಮಪ್ಪನ ತಂಗಿ ಅವಳು. ಅಜ್ಜಂಪುರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು. ಮದುವೆಯಾಗಲಿಲ್ಲ. ನಮ್ಮಜ್ಜಿಯನ್ನು ಕೊನೆಯವರೆಗೆ ನೋಡಿಕೊಂಡವಳು ಅವಳೇ, ಅಜ್ಜಿ ಹೋದಮೇಲೂ ಅದೇ ಮನೆಯಲ್ಲಿ ಉಳಿದಳು. ಸೋರುವ ಹೆಂಚು ಬದಲಿಸಿದ್ದು, ನಲ್ಲಿ ಹಾಕಿಸಿದ್ದು, ಹಿತ್ತಲ ಗೋಡೆ ಎತ್ತಿಸಿದ್ದು ಎಲ್ಲ ಅವಳೇ. ಆದರೆ ಮನೆ ಇರುವುದು ದೊಡ್ಡಪ್ಪನ ಹೆಸರಿನಲ್ಲಿ. ಹಿಂದೆ ವಿಭಾಗವಾದಾಗ ಅದು ಅವರ ಪಾಲಿಗೆ ಬಂದಿತ್ತು. ‘ಆ ಮನೆ ಅವಳಿಗೆ ಬರೆದುಕೊಡು’ ಎಂದು ಅಜ್ಜಿ ಸಾಯುವ ಮುಂಚೆ ಹೇಳಿದ್ದಳು. ದೊಡ್ಡಪ್ಪ ಆಗಲಿ ಎಂದಿದ್ದರು. ಅಂದು ಆಗಲಿ ಎಂದವರು ಹನ್ನೊಂದು ವರ್ಷ ಆಗಿಸಿರಲಿಲ್ಲ.

ದೊಡ್ಡಪ್ಪ ಇರುವುದು ಲಿಂಗದಹಳ್ಳಿಯಲ್ಲಿ. ಪಂಚಾಂಗ ನೋಡದೆ ಕ್ಷೌರ ಮಾಡಿಸಿಕೊಳ್ಳುವವರಲ್ಲ. ಹಲ್ಲಿ ನುಡಿದರೆ ಕೂರುತ್ತಾರೆ, ಬೆಕ್ಕು ಅಡ್ಡ ಬಂದರೆ ವಾಪಸ್ಸಾಗುತ್ತಾರೆ. ಅವರಿಗೆ ಮಂಗಳವಾರ ಬೇಡ, ಅಮಾವಾಸ್ಯೆ ಬೇಡ, ಆಷಾಢ ಬೇಡ. ಹೀಗೆ ವರ್ಷದಲ್ಲಿ ಕೊಡುವುದಕ್ಕೆ ಯೋಗ್ಯವಾದ ದಿನಗಳೇ ಅವರ ಲೆಕ್ಕದಲ್ಲಿ ಉಳಿಯುತ್ತಿರಲಿಲ್ಲ. ತೆಗೆದುಕೊಳ್ಳುವುದಕ್ಕೆ ಮಾತ್ರ ಎಲ್ಲ ದಿನವೂ ಶುಭ. ಅತ್ತೆ ಒಂದು ಸಲವೂ ಬಾಯಿಬಿಟ್ಟು ಕೇಳಿರಲಿಲ್ಲ. ಕಳೆದ ವರ್ಷ ಮೊಣಕಾಲು ಊದಿಕೊಂಡು ಎರಡು ತಿಂಗಳು ಮಲಗಿದಳು, ಆಗ ಕೇಳಿದಳು. ದೊಡ್ಡಪ್ಪ ಒಂದು ಗುರುವಾರ ಗೊತ್ತುಮಾಡಿದರು.

ಪತ್ರ ಎಲ್ಲಿ ಬರೆಸುವುದು ಎಂಬ ಪ್ರಶ್ನೆಯೇ ಬರಲಿಲ್ಲ. ಅಜ್ಜಂಪುರದ ಆ ಯಜಮಾನರ ಅಂಗಡಿಯಲ್ಲೇ. ನಮ್ಮ ಮನೆಯ ಹಳೆಯ ಪತ್ರಗಳನ್ನೆಲ್ಲ ಬರೆದದ್ದು ಅವರೇ, ಅವರಿಗೂ ಮುಂಚೆ ಅವರಪ್ಪ. ನಾನೂ ಹೋದೆ. ಏಕೆಂದು ನಾಚಿಕೆ ಬಿಟ್ಟು ಹೇಳುತ್ತೇನೆ. ನನ್ನ ಸಾಫ್ಟ್‌ವೇರಿನಿಂದ ನಮ್ಮ ಮನೆಯ ಪತ್ರ ಅಚ್ಚಾಗಿ ಬರುವುದನ್ನು ದೊಡ್ಡಪ್ಪ ಕಣ್ಣಾರೆ ನೋಡಲಿ ಎಂದು. ಹೆಣ್ಣುಹುಡುಗಿ ಕಂಪ್ಯೂಟರ್ ಕಲಿತು ಏನು ಮಾಡುತ್ತಾಳೆ ಎಂದು ಹಿಂದೊಮ್ಮೆ ಅಪ್ಪನೊಂದಿಗೆ ವಾದ ಮಾಡಿದವರು ಅವರು.

ಅಂಗಡಿಯಲ್ಲಿ ಗಿರಾಕಿಗಳ ಬೆಂಚು ಮೇಜಿನ ಈಚೆಗೆ. ನಮಗೆ ಕಾಣುತ್ತಿದ್ದದ್ದು ಮಾನಿಟರಿನ ಬೆನ್ನು ಮಾತ್ರ. ಯಜಮಾನರು ನಿಧಾನವಾಗಿ ಎರಡು ಬೆರಳಿನಲ್ಲಿ ಟೈಪ್ ಮಾಡಿದರು, ಪ್ರಿಂಟ್ ತೆಗೆದರು, ಕಾಗದ ಜೋಡಿಸಿ ಕನ್ನಡಕ ಏರಿಸಿಕೊಂಡರು. ಆಮೇಲೆ ಓದಿದರು. ಇದು ಅವರ ವೃತ್ತಿಯ ಕಟ್ಟಳೆ. ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಎರಡೂ ಕಡೆಯವರ ಎದುರಿಗೆ ಗಟ್ಟಿಯಾಗಿ ಓದಿ ಹೇಳದೆ ಅವರು ಸಹಿಗೆ ಕೊಡುವುದಿಲ್ಲ. ಓದು ಬಲ್ಲವರಿಗೂ ಓದಿಯೇ ಹೇಳುತ್ತಾರೆ. ಅಂಗಡಿಯಲ್ಲಿ ಆಗ ಯಾರೂ ಮಾತಾಡುವುದಿಲ್ಲ, ಎಲೆಅಡಿಕೆ ಬಾಯಲ್ಲಿದ್ದವರೂ ಅಗಿಯುವುದನ್ನು ನಿಲ್ಲಿಸುತ್ತಾರೆ. ಕೊನೆಗೆ ಸ್ವತ್ತಿನ ವಿವರಕ್ಕೆ ಬಂದರು.

“ಷೆಡ್ಯೂಲು. ಚಿಕ್ಕಮಗಳೂರು ಜಿಲ್ಲೆ, ತರೀಕೆರೆ ತಾಲ್ಲೂಕು, ಅಜ್ಜಂಪುರ ಹೋಬಳಿ...”

ಓದಿದರು. ದೊಡ್ಡಪ್ಪ ತಲೆಯಾಡಿಸಿದರು. ಅತ್ತೆ ತಲೆಯಾಡಿಸಿದಳು. ಸಾಕ್ಷಿಗೆ ಬಂದಿದ್ದ ಪಕ್ಕದ ಮನೆಯವರಿಬ್ಬರೂ ಆಡಿಸಿದರು. ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಶಾಲೆಯ ಸರ್ಟಿಫಿಕೇಟಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಅಜ್ಜನ ಪಹಣಿಯಲ್ಲಿ ಎಲ್ಲದರಲ್ಲೂ ಇದ್ದದ್ದು ಅದೇ ಸಾಲು. ಅಷ್ಟು ಕಿವಿಗಳಲ್ಲಿ ಒಂದಕ್ಕೂ ಅದು ತಪ್ಪೆಂದು ಕೇಳಿಸಲಿಲ್ಲ. ಅವರದು ಬಿಡಿ. ಅದೊಂದು ಸಾಲನ್ನು ಬದಲಿಸುವುದಕ್ಕಾಗಿಯೇ ಹೊಸ ಆವೃತ್ತಿ ಮಾಡಿದವಳು, ದಿನವೂ ‘ತೋರಿಸಲಾಗಿದೆ’ ಎಂಬ ಪಟ್ಟಿ ನೋಡಿ ಮುದುಕನನ್ನು ಹೀಯಾಳಿಸುತ್ತಿದ್ದವಳು ಅದೇ ಬೆಂಚಿನ ಮೇಲೆ ಕೂತಿದ್ದಳಲ್ಲ, ಅವಳೂ ತಲೆಯಾಡಿಸಿದಳು. ಪ್ರಿಂಟ್ ಎಷ್ಟು ಚೆನ್ನಾಗಿ ಬಂದಿದೆ ಎಂದು ನೋಡುತ್ತಿದ್ದೆ. ಅಂಚು ಸಮವಾಗಿತ್ತು.

ದೊಡ್ಡಪ್ಪ ಪುಟಪುಟಕ್ಕೂ ಸಹಿ ಹಾಕಿದರು. ಕೊನೆಯ ಪುಟದಲ್ಲಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದರು, ಆಮೇಲೆ ಅದಕ್ಕೂ ಹಾಕಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲರೂ ಒಂದು ಕಾರಿನಲ್ಲಿ ನೋಂದಣಿ ಕಚೇರಿಗೆ ಹೋದೆವು. ಅಲ್ಲಿ ಕೂತವರು ಪತ್ರ ತಿರುವಿ ಹಾಕಿ, ಷೆಡ್ಯೂಲಿನ ಮೇಲೆ ಬೆರಳಿಟ್ಟು, “ಈ ವಾರದಿಂದ ಹಳೇ ಹೆಸರು ತಗೊಳಲ್ಲ, ಇದು ಅಜ್ಜಂಪುರ ತಾಲ್ಲೂಕು ಅಂತ ಆಗಬೇಕು, ಕೈಯಲ್ಲಿ ತಿದ್ದಂಗಿಲ್ಲ, ಬೇರೆ ಪ್ರಿಂಟ್ ತೆಗೆಸಿ ಸೈನ್ ಮಾಡಿಸ್ಕೊಂಡು ಬನ್ನಿ,” ಎಂದು ವಾಪಸ್ ಕೊಟ್ಟರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಒಂದು ಗಂಟೆಯ ಕೆಲಸ. ಆ ಸಾಲು ಎಲ್ಲಿಂದ ಬಂತೆಂದು ನನಗೆ ಗೊತ್ತಾಯಿತು, ಆದರೂ ಒಂದು ಗಂಟೆಯ ಕೆಲಸ ಎಂದೇ ಅಂದುಕೊಂಡೆ.

ದೊಡ್ಡಪ್ಪ ಕಚೇರಿಯ ಮೆಟ್ಟಿಲ ಮೇಲೆ ನಿಂತುಬಿಟ್ಟರು.

“ವಾಪಸ್ ಬಂತು,” ಎಂದರು. “ದಾನ ಕೊಟ್ಟಿದ್ದು ವಾಪಸ್ ಬಂತು ಅಂದ್ರೆ ಏನರ್ಥ? ಅಮ್ಮನಿಗೇ ಇಷ್ಟ ಇಲ್ಲ ಅಂತ.”

“ಅಮ್ಮನೇ ಹೇಳಿದ್ದು ಕಣೋ ಕೊಡು ಅಂತ,” ಎಂದಳು ಅತ್ತೆ.

“ಆಗ ಹೇಳಿರ್ಬೋದು. ಈಗ ಬೇಡ ಅಂತಾ ಇದಾಳೆ. ಇವತ್ತು ಬೇಡ, ಆಮೇಲೆ ನೋಡಾಣ.”

“ದೊಡ್ಡಪ್ಪ, ಒಂದೇ ಒಂದು ಪದ. ಹೋಗಿ ಬದಲಾಯಿಸ್ಕೊಂಡು ಬಂದ್ಬಿಡೋಣ,” ಎಂದೆ.

“ಆಮೇಲೆ ನೋಡಾಣ ಅಂದ್ನಲ್ಲ,” ಎಂದು ಕಾರು ಹತ್ತಿದರು. ಅತ್ತೆಯನ್ನೂ ನನ್ನನ್ನೂ ಮನೆಯ ಮುಂದೆ ಇಳಿಸಿ, ಒಂದು ಲೋಟ ನೀರನ್ನೂ ಕುಡಿಯದೆ ಲಿಂಗದಹಳ್ಳಿಗೆ ಹೋದರು.

ನಾನು ನೇರ ಪತ್ರದ ಅಂಗಡಿಗೆ ಹೋದೆ. ಅಲ್ಲಿ ನಾಲ್ಕು ಜನ ಕೂತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಹಾಗೆಯೇ ಕುಣಿದೆ. ತಿಂಗಳುಗಟ್ಟಲೆ ನನ್ನ ಸಾಫ್ಟ್‌ವೇರ್ ನಿಮಗೆ ಹೇಳಿದೆ, ದಿನವೂ ಹೇಳಿದೆ, ನನ್ನ ಹತ್ತಿರ ದಾಖಲೆ ಇದೆ, ಕಣ್ಣು ಎಲ್ಲಿಟ್ಟುಕೊಂಡಿದ್ದೀರಿ, ನಿಮ್ಮಿಂದ ನಮ್ಮತ್ತೆಗೆ ಮನೆ ತಪ್ಪಿತು ಎಂದು ಎಪ್ಪತ್ತು ದಾಟಿದವರನ್ನು ನಿಂತಲ್ಲೇ ಬೈದೆ. ಅವರು ಕುರ್ಚಿಯಿಂದ ಎದ್ದು ಪಕ್ಕಕ್ಕೆ ಸರಿದರು.

“ಬನ್ನಿ ತಾಯಿ, ಎಲ್ಲಿ ಹೇಳಿದೆ ತೋರ್ಸಿ,” ಎಂದರು.

ಮೇಜು ಸುತ್ತಿ ಆಚೆಗೆ ಹೋದೆ. ಮಾನಿಟರಿನ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ. ಬಲಗಡೆ ಕೆಳಮೂಲೆಯಲ್ಲಿ, ಗಾಜಿನ ಮೇಲೇ, ಅವರ ಮಠದ ಹಿರಿಯ ಗುರುಗಳ ಒಂದು ಫೋಟೋ. ಅಂಗೈ ಅಗಲದ್ದು, ನಾಲ್ಕು ಕಡೆಯೂ ಪ್ಲಾಸ್ಟಿಕ್ ಟೇಪು. ಟೇಪು ಹಳದಿಯಾಗಿತ್ತು. ನನ್ನ ಚೌಕದ ಅಳತೆಗೆ ಮಾಡಿಸಿದ ಹಾಗಿತ್ತು.

“ಇದು ಇಲ್ಲಿ ಯಾಕೆ?” ಎಂದೆ. ಧ್ವನಿ ಆಗಲೇ ಇಳಿದಿತ್ತು.

“ಅಲ್ಲಿ ಗಡಿಯಾರ ಇತ್ತಲ್ಲ ತಾಯಿ. ಪಾರ್ಟಿ ಎದುರಿಗೆ ಕೂತಾಗ ಪತ್ರ ಬರೆಯೋನು ಗಡಿಯಾರ ನೋಡಬಾರದು ಅಂತ ನಮ್ಮಪ್ಪ ಹೇಳೋರು. ನೋಡಿದ್ರೆ ಅವಸರ ಅಂತ ತಿಳ್ಕೊಂತಾರೆ, ಅವಸರದಲ್ಲಿ ಮನಸು ಬದಲಾಯಿಸ್ತಾರೆ. ಅದಕ್ಕೇ ಮುಚ್ಚಿದ್ದು. ಬರೀ ಕಾಗದ ಅಂಟಿಸೋದು ಬೇಡ, ಗುರುಗಳೇ ಇರ್ಲಿ ಅಂತ.” ಮತ್ತೆ ಹೇಳಿದರು, “ನೀವು ಕಂಪ್ಯೂಟರ್ ಹಾಕ್ಲಿಕ್ಕೆ ಬಂದಿದ್ರಲ್ಲ, ಅದಾದ ಮಾರನೇ ದಿನವೇ ಅಂಟಿಸಿದ್ದು. ಒಂದ್ಸಲ ಬಂದು ಈ ಕಡೆ ಕೂತಿದ್ರೆ ಕಾಣ್ತಿತ್ತು.”

ಬೆಂಚಿನ ಮೇಲಿದ್ದ ನಾಲ್ಕು ಜನರೂ ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬ ನಕ್ಕ. ನಾನಾಗಿದ್ದರೂ ನಗುತ್ತಿದ್ದೆ. ಬಸ್ಸು ಹಿಡಿದು ಅರ್ಧ ದಿನ ಅವರ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು. ಅದರ ಬದಲು ಶೀಟಿನ ಕೆಳಗೆ ಕೂತು, ಬಣ್ಣ ಹಸಿರಿರಲೋ ನೀಲಿ ಇರಲೋ, ಎಂಟು ಸೆಕೆಂಡೋ ಹತ್ತೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಕಾಣದವರ ಮೇಲಿನ ತಿರಸ್ಕಾರ ಎಷ್ಟು ಸುಖದ್ದು ಎಂದರೆ, ಹೋಗಿ ನೋಡಿದರೆ ಅದು ಎಲ್ಲಿ ಹಾಳಾಗುತ್ತದೋ ಎಂದು ಮನುಷ್ಯ ಹೋಗುವುದೇ ಇಲ್ಲ. ಅವತ್ತು ಹೊಸ ಆವೃತ್ತಿಯನ್ನು ನಾನೇ ಹಾಕಿದೆ. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಅವರು ಕಾಫಿ ತರಿಸಿದರು, ಕುಡಿದೆ.

ಅತ್ತೆಗೆ ಎಲ್ಲ ಹೇಳಿದೆ. ಅವಳು ನಕ್ಕಳು. “ದೇವ್ರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಪೂಜಾರಿ ನಮ್ಮನೇಲೇ ಇದ್ಲು ನೋಡು,” ಎಂದಳು. ಆಮೇಲೆ ಕೇಳಿದಳು, “ಅಲ್ಲ ಕಣೇ, ಆ ಯಜಮಾನ್ರು ಅಕ್ಷರ ಅಕ್ಷರ ಓದಿ ಹೇಳ್ತಾರಲ್ಲ. ನೀನು ಹೇಳೋದನ್ನ ಅವ್ರು ಓದೋ ಜಾಗದಲ್ಲೇ ಹಾಕ್ಬಾರ್ದಾ? ಮೂಲೇಲಿ ಯಾಕೆ ಬಚ್ಚಿಡ್ತೀಯ?”

ಅಷ್ಟು ಸರಳವಾದ ಮಾತು ನನಗೆ ಹೊಳೆದಿರಲಿಲ್ಲ. ಮೂಲೆಯ ಆ ಚೌಕವನ್ನೇ ಕಿತ್ತುಹಾಕಿದೆ. ಈಗ ಹೊಸ ಆವೃತ್ತಿ ಬಂದಿದ್ದು ಹಾಕಿಕೊಳ್ಳದಿದ್ದರೆ, ಅಚ್ಚಾಗುವ ಕರಡಿನ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಬರುತ್ತದೆ: ‘ಈ ನಮೂನೆ ಹಳೆಯದು. ಇದರಲ್ಲಿ ಸಹಿ ಹಾಕಬೇಡಿ.’ ಜೊತೆಗೆ ಏನು ಬದಲಾಗಿದೆ ಎಂದು ಒಂದು ಸಾಲು. ಪತ್ರ ಬರೆಯುವವರು ಅದನ್ನು ಗಟ್ಟಿಯಾಗಿ ಓದುತ್ತಾರೆ, ಓದದೆ ಅವರಿಗೆ ವಿಧಿಯಿಲ್ಲ. ಗಿರಾಕಿ ಕೇಳಿಸಿಕೊಳ್ಳುತ್ತಾನೆ, ಮುಖ ನೋಡುತ್ತಾನೆ. ಆ ಮುಖಕ್ಕೆ ಅಂಜಿ ಹಾಕಿಕೊಳ್ಳುತ್ತಾರೆ. ಅದರಲ್ಲಿ ‘ಆಮೇಲೆ’ ಬಟನ್ ಇಲ್ಲ. ಕಾಗದದ ಮೇಲೆ ಬಟನ್ ಇಡುವುದಾದರೂ ಎಲ್ಲಿ?

ಆದರೆ ಅತ್ತೆಯ ಪತ್ರ ಅಲ್ಲಿಗೇ ನಿಂತಿತ್ತು. ಇನ್ನೊಂದು ಸಲ ಅಣ್ಣನನ್ನು ಕೇಳು ಎಂದರೆ ಅವಳು ಒಪ್ಪಲಿಲ್ಲ. “ಹುಟ್ಟಿದಾಗ್ಲಿಂದ ಒಂದೇ ಸಲ ಅವ್ನನ್ನ ಕೇಳಿದ್ದು. ಎರಡನೇ ಸಲಕ್ಕೆ ನನ್ ಬಾಯಿ ಏಳಲ್ಲ ಕಣೇ.” ಹಾಗಾದರೆ ನಾನೇ ಹೋಗಬೇಕಿತ್ತು. ಅಜ್ಜಿಯ ಇಷ್ಟವೂ ಅಲ್ಲ, ದೇವರ ಇಷ್ಟವೂ ಅಲ್ಲ, ತಪ್ಪು ನನ್ನದು ಎಂದು ದೊಡ್ಡಪ್ಪನ ಮುಂದೆ ಹೇಳಬೇಕಿತ್ತು. ನಮ್ಮಪ್ಪನ ಎದುರಿಗೆ ನನ್ನನ್ನು ಆಡಿಕೊಂಡ ಮನುಷ್ಯನ ಮುಂದೆ. ಆರು ವಾರ ಮುಂದೂಡಿದೆ. ನಾಳೆ, ಮುಂದಿನ ವಾರ, ಹಬ್ಬ ಆಗಲಿ. ನಾನೂ ಅದೇ ಬಟನ್ ಒತ್ತುತ್ತಿದ್ದೆ ಎಂದು ಆಗ ತಿಳಿಯಲಿಲ್ಲ.

ಹೋದಾಗ ದೊಡ್ಡಪ್ಪ ಜಗಲಿಯ ಮೇಲೆ ಕೂತು ಉಗುರು ತೆಗೆಯುತ್ತಿದ್ದರು. ಹೇಳಿದೆ. ಸಾಫ್ಟ್‌ವೇರ್, ಮೂಲೆ, ಗುರುಗಳ ಫೋಟೋ, ನಾನು ಹೋಗಿ ನೋಡದೆ ಇದ್ದದ್ದು, ಬೆಂಚಿನ ಮೇಲೆ ಕೂತೂ ಕೇಳಿಸಿಕೊಳ್ಳದೆ ಇದ್ದದ್ದು, ಒಂದೂ ಬಿಡದೆ ಹೇಳಿದೆ. “ತಪ್ಪು ನಂದು ದೊಡ್ಡಪ್ಪ. ಶಕುನ ಗಿಕುನ ಏನೂ ಇಲ್ಲ,” ಎಂದೆ.

“ಗೊತ್ತು ಕಣೇ,” ಎಂದರು.

“ಏನು ಗೊತ್ತು?”

“ಕಾಗದದ ತಪ್ಪು ಅಂತ. ನಾನೇನು ದಡ್ಡನಾ? ತಾಲ್ಲೂಕಿನ ಹೆಸರಿಗೂ ನಮ್ಮಮ್ಮಂಗೂ ಏನ್ ಸಂಬಂಧ?”

ಅವರು ಉಗುರನ್ನು ನೋಡಿಕೊಳ್ಳುತ್ತಲೇ ಹೇಳಿದರು.

“ಹನ್ನೊಂದು ವರ್ಷ ಮನಸು ಬರ್ಲಿಲ್ಲ. ಅವ್ಳು ಕೇಳಿದ್ಲಲ್ಲ, ಹೆಂಗೋ ಗಟ್ಟಿ ಮಾಡ್ಕೊಂಡ್ ಬಂದಿದ್ದೆ. ಒಂದ್ಸಲ ಸೈನ್ ಹಾಕೋವಷ್ಟೇ ಇತ್ತು ನನ್ ಹತ್ರ. ಹಾಕ್ದೆ. ವಾಪಸ್ ಬಂತು. ಇನ್ನೊಂದ್ಸಲ ಹಾಕು ಅಂದ್ರೆ ಎಲ್ಲಿಂದ ತರ್ಲಿ? ಮೆಟ್ಲ ಮೇಲೆ ನಿಂತಾಗ, ಸದ್ಯ ಬದುಕ್ದೆ ಅನ್ನಿಸ್ಬಿಡ್ತು. ನೆಪ ಬೇಕಾಗಿತ್ತು, ನೀನೇ ತಂದ್ಕೊಟ್ಟೆ.”

“ಹಂಗಾದ್ರೆ ಅತ್ತೆ?”

“ಇರ್ಲಿ, ಯಾರ್ ಬೇಡ ಅಂದೋರು? ಇರೋತನಕ ಇರ್ತಾಳೆ. ಬರ್ಕೊಡೋದು ಆಮೇಲೆ ನೋಡಾಣ. ಕಾಫಿ ಕುಡ್ಕೊಂಡು ಹೋಗು.”

ಕುಡಿಯಲಿಲ್ಲ. ಆ ಮನುಷ್ಯನ ಮೇಲೆ ನನಗಿರುವ ತಿರಸ್ಕಾರವನ್ನು ಇಲ್ಲಿ ಬರೆದರೆ ಕಾಗದ ಸಾಲದು. ಆದರೆ ಅವರು ಅಂದು ಸಹಿ ಹಾಕಿದ್ದರು. ಪುಟಪುಟಕ್ಕೂ ಹಾಕಿದ್ದರು. ಅದನ್ನು ನಾನು ನೋಡಿದ್ದೆ.

ಲಿಂಗದಹಳ್ಳಿಯಿಂದ ನೇರ ಅಜ್ಜಂಪುರಕ್ಕೆ ಹೋದೆ. ಅತ್ತೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ಸೀರೆಗೆ ಫಾಲ್ಸ್ ಹಾಕುತ್ತಿದ್ದಳು. ದೊಡ್ಡಪ್ಪ ಹೇಳಿದ್ದನ್ನು ಹೇಳದೆ ಇರಲಾರದೆ ಹೇಳಿದೆ. ಮೆಷಿನ್ ನಿಲ್ಲಿಸಿ ಕೇಳಿಸಿಕೊಂಡಳು.

“ಚಿಕ್ಕೋನಿದ್ದಾಗ್ಲೂ ಹಂಗೇ ಅವ್ನು,” ಎಂದಳು. “ಕಡ್ಲೆಮಿಠಾಯಿ ಕೊಡ್ತೀನಿ ಬಾ ಅಂತ ಕರೆಯೋನು. ಕೊಡಾಕೆ ಅಂತ್ಲೇ ಬರೋನು ಪಾಪ, ಅರ್ಧ ದಾರೀಲಿ ಬಾಯಿಗ್ ಹಾಕ್ಕೊಂಡ್ಬಿಡೋನು. ದಾರಿ ಹತ್ರ ಇದ್ರೆ ಕೊಟ್ಬಿಡ್ತಿದ್ದ. ನೀನು ಸ್ವಲ್ಪ ಉದ್ದ ಮಾಡ್ದೆ, ಅಷ್ಟೆ.”

ನಾನು ಅತ್ತೆ ಎದುರಿಗೆ ಅತ್ತದ್ದು ಅದೇ ಮೊದಲು. ಅವಳು ದಾರ ಕಡಿದು, ಸೀರೆ ಮಡಿಸಿಟ್ಟು, ಆಮೇಲೆ ಕೇಳಿದಳು.

“ಆ ಹೊಸದು ಮಾಡಿದ್ಯಲ್ಲ, ಓದಿ ಹೇಳೋದು. ಅದು ಸರಿಯಾಗಿ ನಡೀತಿದ್ಯಾ?”

“ನಡೀತಿದೆ ಅತ್ತೆ. ಮೂರೂ ಊರಲ್ಲಿ.”

“ಹಂಗಾದ್ರೆ ಸರಿ,” ಎಂದಳು. “ಬೇರೆಯೋರ್ ಮನೆಗಳಾದ್ರೂ ಅವ್ರವ್ರ ಹೆಸ್ರಿಗೆ ಆಗ್ಲಿ.”

ಮತ್ತೆ ಮೆಷಿನ್ ತುಳಿಯತೊಡಗಿದಳು. ಇನ್ನೊಂದು ಸೀರೆ ಉಳಿದಿತ್ತು.